ಜೇನಿನ ವಿಷ, ಕ್ಯಾನ್ಸರ್ ಕೋಶ

ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಅಡಿಕೆ ತೋಟಗಳಲ್ಲಿ ಹಿಂಗಾರಕ್ಕೆ ಎರಗುವ ತುಡುವೆಯಲ್ಲಾಗಲಿ, ಜಗಳೂರಿನ ಸೂರ್ಯಕಾಂತಿ ಹೊಲಕ್ಕೆ ಬರುವ ಹೆಜ್ಜೇನಿನಲ್ಲಾಗಲಿ, ಕೊಂಡಿಯ ವಿಷದ ಮುಖ್ಯಾಂಶವೆಂದರೆ ಮೆಲಿಟಿನ್, ಅಂದರೆ 26 ಅಮೈನೋ ಆಮ್ಲಗಳ ಕಿರುಸರಪಳಿಯಾದ ಪೆಪ್ಟೈಡ್. ಇದು ಜೀವಕೋಶದ ಹೊರಪೊರೆಯಲ್ಲಿ ರಂಧ್ರ ಕೊರೆಯುತ್ತದೆ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಸಿಯಾರಾ ಡಫಿ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಔಷಧಗಳು ಗುರಿಯಿಡುವ ಮೂರೂ ಗ್ರಾಹಕ ಪ್ರೋಟೀನುಗಳಿಲ್ಲದ (ರಿಸೆಪ್ಟರ್), ಆದ್ದರಿಂದಲೇ ಚಿಕಿತ್ಸೆಗೆ ಸುಲಭವಾಗಿ ಬಗ್ಗದ ಸ್ತನ ಕ್ಯಾನ್ಸರ್ ಕೋಶಗಳನ್ನು ಜೇನುವಿಷವು ಪ್ರಯೋಗಾಲಯದಲ್ಲಿ ಬೇಗನೆ ಕೊಂದಿತು. ಮೆಲಿಟಿನ್ ಇಲ್ಲದ ಬಂಬಲ್ ದುಂಬಿಯ ವಿಷಕ್ಕೆ ಆ ಶಕ್ತಿಯಿರಲಿಲ್ಲ ಎಂಬುದು ಇಲ್ಲಿ ಬಹುಮುಖ್ಯ ಸುಳಿವು. ಆದರೆ ಮೆಲಿಟಿನ್ ಕೆಂಪು ರಕ್ತಕಣಗಳನ್ನೂ ಒಡೆಯುವುದರಿಂದ, ಅದನ್ನು ಗಡ್ಡೆಗಷ್ಟೇ ತಲುಪಿಸಬಲ್ಲ ಅತಿಸೂಕ್ಷ್ಮ ನ್ಯಾನೋಕಣಗಳನ್ನು ರೂಪಿಸುವುದೇ ಕಠಿಣವಾದ ಕೆಲಸ; ಅದು ಕೈಗೂಡುವ ಮುನ್ನವೇ ರೋಗಿಗೆ ಜೇನು ಕಚ್ಚಿಸುವುದು, ಅಲರ್ಜಿಯುಳ್ಳವರ ಪ್ರಾಣವನ್ನೇ ತೆಗೆಯಬಹುದಾದ್ದರಿಂದ, ಖಂಡಿತ ಸಲ್ಲದು.