ನಿದಾನ – ನಿಧಾನ

ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳ ತಪ್ಪನ್ನು ಕೆಂಪು ಮಸಿಯಿಂದ ತಿದ್ದುವುದು ನನ್ನ ವೃತ್ತಿ. ‘ನಿದಾನ’ವೆಂದರೆ ರೋಗದ ಮೂಲವನ್ನು ಕಂಡುಹಿಡಿಯುವುದು, ‘ನಿಧಾನ’ವೆಂದರೆ ತಾಳ್ಮೆ. ಆದರೆ ಇವೆರಡಕ್ಕೂ ಇರುವ ನಂಟನ್ನು ನನಗೆ ಕಲಿಸಿದ್ದು ನಮ್ಮ ಹಳೆಯ ಕಾರು.

ಕಳ್ಳರ ಭಯಕ್ಕೆಂದು ಆ ಕಾರಿಗೊಂದು ಅಲಾರಂ ಉಂಟು. ಕಳೆದ ಮಳೆಗಾಲದಲ್ಲಿ ಅದು ನಡುರಾತ್ರಿ ಅಕಾರಣವಾಗಿ ಅರಚತೊಡಗಿತು. ಮೊದಲ ರಾತ್ರಿ ಮೈಸೂರಿನ ನಮ್ಮ ಬೀದಿಯವರು ದೊಣ್ಣೆ ಹಿಡಿದು ಕಳ್ಳನನ್ನು ಹುಡುಕಿಕೊಂಡು ಬಂದರು; ಮೂರನೆಯ ರಾತ್ರಿ ನನ್ನನ್ನು ಹುಡುಕಿಕೊಂಡು ಬಂದರು!

ಹಿಂದಿನ ವಾರವಷ್ಟೇ ಪಕ್ಕದ ಮನೆಯ ಹುಡುಗನ ಚೆಂಡು ಬಾನೆಟ್ಟಿಗೆ ಬಡಿದಿತ್ತು. ಕಾರ್ಯಕಾರಣ ಸಂಬಂಧವನ್ನು ನಾನು ಕ್ಷಣಮಾತ್ರದಲ್ಲಿ ಸ್ಥಾಪಿಸಿ, ಹುಡುಗನನ್ನು ಗದರಿಸಿ, ಚೆಂಡನ್ನು ಕಸಿದು ಬೀರುವಿನಲ್ಲಿಟ್ಟೆ. ಅವನ ತಾಯಿ ನನ್ನ ಹೆಂಡತಿಯೊಡನೆ ಮಾತು ಬಿಟ್ಟರು. ಅಲಾರಂ ಮಾತ್ರ ಕೂಗು ಬಿಡಲಿಲ್ಲ.

ಕೊನೆಗೆ ಬಂದ ವೃದ್ಧ ಎಲೆಕ್ಟ್ರಿಷಿಯನ್ ಯಾರನ್ನೂ ದೂರಲಿಲ್ಲ. ಮೊದಲು ಬ್ಯಾಟರಿಯನ್ನು ಅಳೆದರು: 12.6 ವೋಲ್ಟು. “ಇದರ ತಪ್ಪಿಲ್ಲ, ಮೇಷ್ಟ್ರೇ.” ಬಾಗಿಲುಗಳ ಸ್ವಿಚ್ಚುಗಳನ್ನು ಒಂದೊಂದಾಗಿ ಪರೀಕ್ಷಿಸಿದರು, ಅವೂ ಸರಿಯಾಗಿದ್ದವು. ಆಮೇಲೆ ಬಾನೆಟ್ಟಿನ ಕೆಳಗಿದ್ದ ಪುಟ್ಟ ಸ್ವಿಚ್ಚೊಂದರ ತಂತಿಯನ್ನು ಕಳಚಿ, “ಈ ರಾತ್ರಿ ನೋಡಿ” ಎಂದು ಹೊರಟೇಬಿಟ್ಟರು. ಆ ರಾತ್ರಿ ಧಾರಾಕಾರ ಮಳೆ. ಕಾರು ಸೊಲ್ಲೆತ್ತಲಿಲ್ಲ.

ಮರುದಿನ ಆ ಸ್ವಿಚ್ಚನ್ನು ನನ್ನ ಅಂಗೈಯಲ್ಲಿಟ್ಟು ವಿವರಿಸಿದರು. ಬಾನೆಟ್ಟು ಮುಚ್ಚಿದಾಗ ಅದು ಅದುಮಿಕೊಂಡು ವಿದ್ಯುನ್ಮಂಡಲ ಕಡಿಯುತ್ತದೆ. ತೆರೆದಾಗ ತಂತಿಗೆ ಕಾರಿನ ಲೋಹದ ಮೈಯೊಡನೆ ಸಂಪರ್ಕವಾಗಿ ಅಲಾರಂ ಕೂಗುತ್ತದೆ. ಆದರೆ ಒಳಗೆಲ್ಲ ತುಕ್ಕು, ಕೆಸರು. ಮಳೆಯ ತೇವವು ವಿದ್ಯುತ್ತಿಗೆ ಕಳ್ಳದಾರಿಯಾಗಿ, ಮುಚ್ಚಿದ ಬಾನೆಟ್ಟನ್ನೇ ಯಾರೋ ತೆರೆದರೆಂದು ಕಾರು ಭ್ರಮಿಸುತ್ತಿತ್ತು.

“ಚೆಂಡು ಬಡಿದು ಹೀಗಾಯಿತೆ?” ಎಂದು ಅಳುಕುತ್ತಲೇ ಕೇಳಿದೆ.

“ಇಷ್ಟು ತುಕ್ಕು ವಾರದಲ್ಲಿ ಹಿಡಿಯುತ್ತದೆಯೆ, ಮೇಷ್ಟ್ರೇ? ಇದು ವರ್ಷಗಳ ಸಂಪಾದನೆ.”

ಕಾರಿನ ಭ್ರಮೆ ಹೊಸ ಸ್ವಿಚ್ಚಿನಿಂದ ನೀಗಿತು. ನನ್ನ ತುಕ್ಕಿಗೆ ಮದ್ದು ಪಕ್ಕದ ಮನೆಯಲ್ಲಿತ್ತು. ಸಂಜೆ ಚೆಂಡು ಹಿಡಿದು ಅವರ ಬಾಗಿಲು ತಟ್ಟಿದೆ. ನೂರು ವಿದ್ಯಾರ್ಥಿಗಳೆದುರು ತೊದಲದ ನಾಲಿಗೆ ಹತ್ತು ವರ್ಷದ ಬಾಲಕನೆದುರು ತೊದಲಿತು: “ತಪ್ಪು ನನ್ನದು, ಮರಿ.”

ಅವನು ಚೆಂಡನ್ನು ತಿರುಗಿಸಿ ನೋಡಿ, “ಹಾಗಾದ್ರೆ ನಾಳೆಯಿಂದ ಅಲ್ಲೇ ಆಡಬಹುದಾ, ಅಂಕಲ್?” ಎಂದ. ಒಳಗಿನಿಂದ ಅವನ ತಾಯಿ ನಕ್ಕದ್ದು ಕೇಳಿಸಿತು.

ಆ ಪ್ರಶ್ನೆಗೆ ಉತ್ತರವನ್ನು ನಾನಿನ್ನೂ ಯೋಚಿಸುತ್ತಿದ್ದೇನೆ, ನಿಧಾನವಾಗಿ.