ಎರಡು ಬ್ಯಾಟರಿ, ಒಂದೇ ಹೊರೆ

ನಮ್ಮ ಅಣ್ಣನವರಿಗೆ ಶ್ವಾಸಕೋಶದ ವ್ಯಾಧಿ. ರಾತ್ರಿಯಿಡೀ ಆಮ್ಲಜನಕದ ಯಂತ್ರ ನಡೆಯಲೇಬೇಕು. ಕರೆಂಟು ಹೋದಾಗ ಆಸರೆಯಾಗಲೆಂದು, ಇನ್ವರ್ಟರಿಗಿದ್ದ 12.8 ವೋಲ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಜೊತೆಗೆ ಅಂಥದೇ ಇನ್ನೊಂದನ್ನು ತಂದೆವು. ಧನಾಗ್ರಕ್ಕೆ ಧನಾಗ್ರ, ಋಣಾಗ್ರಕ್ಕೆ ಋಣಾಗ್ರ ಕೂಡಿಸಿದರೆ ಸಾಕೆಂದು ಬಗೆದೆವು. ತಂತಿ ತಾಗಿದೊಡನೆ ಕಿಡಿ ಹಾರಿತು. ಒಂದು ಬ್ಯಾಟರಿ ಸ್ತಬ್ಧವಾಯಿತು.

ಈ ಕೆಲಸ ಬಲ್ಲ ತರುಣರೊಬ್ಬರು ಬಂದು ಕಾರಣವನ್ನು ತಿಳಿಸಿದರು. ಪ್ರತಿಯೊಂದು ಬ್ಯಾಟರಿಯೊಳಗೂ ಬಿ.ಎಂ.ಎಸ್. ಎಂಬ ಕಾವಲಿನ ವ್ಯವಸ್ಥೆಯಿದೆ. ಅದು ತನ್ನ ನಾಲ್ಕು ಕೋಶಗಳನ್ನಷ್ಟೇ ಕಾಯುತ್ತದೆ. ನೆರೆಯ ಬ್ಯಾಟರಿಯ ಸ್ಥಿತಿಯನ್ನರಿಯದು. ಒಂದು ತುಂಬಿದ್ದು ಇನ್ನೊಂದು ಬರಿದಾಗಿದ್ದರೆ, ಕೂಡಿಸಿದ ಕ್ಷಣವೇ ವಿದ್ಯುತ್ತು ನುಗ್ಗುತ್ತದೆ. ಅಂತರ ಅರ್ಧ ವೋಲ್ಟ್, ದಾರಿಯ ರೋಧ 0.01 ಓಮ್ ಎಂದಿಟ್ಟುಕೊಂಡರೂ 50 ಆಂಪಿಯರ್! ಆಗ ಕಾವಲು ತನ್ನ ಬಾಗಿಲನ್ನು ಮುಚ್ಚಿಬಿಡುತ್ತದೆ.

ಆದುದರಿಂದ ತಯಾರಕರ ಅನುಮತಿಯಿದೆಯೇ ಎಂದು ಮೊದಲು ನೋಡಬೇಕು. ಎರಡನ್ನೂ ಪ್ರತ್ಯೇಕವಾಗಿ ಪೂರ್ತಿ ಚಾರ್ಜು ಮಾಡಿ, ವೋಲ್ಟೇಜು ಸಮವಾದ ಮೇಲೆಯೇ ಕೂಡಿಸಬೇಕು. ಒಂದೊಂದಕ್ಕೂ ಬೇರೆ ಫ್ಯೂಸು, ತಂತಿಗಳಿಗೆ ಸಮನಾದ ಉದ್ದ ಅಗತ್ಯ.

ನಮ್ಮನ್ನು ಹೆಚ್ಚು ಅಂಜಿಸಿದ ಮಾತು ಇನ್ನೊಂದು. ಮುಂದೆಂದಾದರೂ ಒಂದರ ಕಾವಲು ಸದ್ದಿಲ್ಲದೆ ಮುಚ್ಚಿದರೆ ಹೊರೆಯೆಲ್ಲ ಮತ್ತೊಂದರ ಮೇಲೆ ಬೀಳುತ್ತದೆ. ಯಂತ್ರವೇನೋ ನಡೆಯುತ್ತಿರುತ್ತದೆ, ಆದರೆ ಆಸರೆಯ ಅವಧಿ ಅರ್ಧಕ್ಕಿಳಿದಿರುತ್ತದೆ. ಎರಡಿವೆಯೆಂಬ ಧೈರ್ಯದಿಂದ ಮಲಗಿದವರಿಗೆ ನಡುರಾತ್ರಿಯಲ್ಲಿ ಆಪತ್ತು.

ಅಣ್ಣನವರು ಮಲಗುವ ಮುನ್ನ ಎರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸುವುದು ಈಗ ನಮ್ಮ ನಿತ್ಯದ ಕೆಲಸ. ಇಂಥ ರೋಗಿಗಳಿರುವ ಮನೆಯವರೂ ಹಾಗೆಯೇ ಮಾಡಬೇಕೆಂದು ನಮ್ಮ ಬಿನ್ನಹ.