ಕೂತು ಕೆಟ್ಟ ಎಂಜಿನ್ನು

ದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ನು ದುಡಿದು ಕೆಡುವುದು ಕಡಿಮೆ, ಕೂತು ಕೆಡುವುದೇ ಹೆಚ್ಚು. ಗಂಗೊಳ್ಳಿ ಕಡೆ ನಾಡದೋಣಿಯವರ ಹಿತ್ತಿಲಿಗೆ ಹೋದರೆ ತೆಂಗಿನ ಬುಡಕ್ಕೆ ಒರಗಿದ್ದೊಂದು ಕಾಣಸಿಗುತ್ತದೆ. ಫ್ಯಾನಿಗೆ ಹಳೇ ಬಲೆಯ ನೂಲು, ಕವರಿನೊಳಗೆ ಜೇಡ, ಬೋಲ್ಟಿನ ಸುತ್ತ ಬೆಳ್ಳನೆ ಉಪ್ಪು. ಅಂಥದ್ದನ್ನು ಕಂಡರೆ ನನ್ನ ಕೈ ಸುಮ್ಮನಿರದು. "ಎಂತಕ್ಕೆ ಮಾರಾಯ್ರೆ, ಗುಜರಿಗೆ ಹಾಕಿ" ಎಂದು ಮನೆಯಲ್ಲಿ ಹೇಳುವುದುಂಟು. ನಾನು ಕೇಳಿಸಿಕೊಳ್ಳುವುದಿಲ್ಲ.

1909ರಲ್ಲಿ ಅಮೆರಿಕದ ಓಲೆ ಎವಿನ್‌ರೂಡ್ ಮಾರಲು ತೊಡಗಿದ ಯಂತ್ರಕ್ಕೂ ಇದಕ್ಕೂ ಮೈಕಟ್ಟು ಒಂದೇ: ಮೇಲೆ ಎಂಜಿನ್, ನಡುವೆ ಉದ್ದದ ಶಾಫ್ಟು, ತಳದಲ್ಲಿ ಫ್ಯಾನು. ಬಿಚ್ಚಲು ಹೆದರುವಂಥದ್ದೇನೂ ಇಲ್ಲ. ಪ್ಲಗ್ ತೆಗೆದು ಸಿಲಿಂಡರಿಗೆ ಒಂದಿಷ್ಟು ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಸುತ್ತೇನೆ. ಬೆಳಿಗ್ಗೆ ಪ್ಲಗ್ಗಿನ ತೂತಿಗೆ ಹೆಬ್ಬೆರಳೊತ್ತಿ ಹಗ್ಗ ಎಳೆದಾಗ ಒಳಗಿನ ಗಾಳಿ ಬೆರಳನ್ನು ಫಟ್ಟೆಂದು ತಳ್ಳಿದರೆ ಜೀವ ಇದೆ. ಗೇರ್ ಬಾಕ್ಸಿನ ಎಣ್ಣೆ ಹಾಲು ಬೆರೆತಂತೆ ಬೆಳ್ಳಗಿದ್ದರೆ ಸೀಲು ಹೋಗಿ ನೀರು ನುಗ್ಗಿದೆ. ಹೊಸ ಎಣ್ಣೆಯನ್ನು ಕೆಳಗಿನ ತೂತಿನಿಂದಲೇ ಏರಿಸಬೇಕು. ಮೇಲಿಂದ ಸುರಿದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ನೀರಿನ ಪಂಪಿನ ರಬ್ಬರ್ ಇಂಪೆಲ್ಲರಿನ ರೆಕ್ಕೆಗಳು ಬಾಗಿದ ಭಂಗಿಯಲ್ಲೇ ಗಟ್ಟಿಯಾಗಿರುತ್ತವೆ. ಅದನ್ನು ಯೋಚಿಸದೆ ಬದಲಿಸಿ.

ನಿಜವಾದ ಕೆಲಸ ಕಾರ್ಬ್ಯುರೇಟರಿನದು. ನಮ್ಮ ನಾಡದೋಣಿಗಳಲ್ಲಿ ಸೀಮೆಎಣ್ಣೆ ಎಂಜಿನ್ನುಗಳೇ ಬಹಳ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ, ಆರಿಸುವ ಮೊದಲು ಮತ್ತೆ ಪೆಟ್ರೋಲಿಗೆ ಬರಬೇಕು. ಈ ಕೊನೆಯದಕ್ಕೆ ಬೇಸರಪಟ್ಟವರ ಕಾರ್ಬ್ಯುರೇಟರಿನ ಬಟ್ಟಲಲ್ಲಿ ಕಂದು ಅಂಟು ಕೂತಿರುತ್ತದೆ. ಇಂಧನ ಹಾಯುವ ಜೆಟ್ಟಿನ ಸಣ್ಣ ತೂತಿಗೆ ತಂತಿ ತುರುಕುವವರನ್ನು ಕಂಡರೆ ನನಗೆ ಸಿಟ್ಟು. ಹಿತ್ತಾಳೆ ಮೆತ್ತಗಿನ ಲೋಹ, ತೂತು ಅಗಲವಾಯಿತೋ ಅಳತೆಯೇ ಹೋಯಿತು. ನೆನೆಹಾಕಿ, ಗಾಳಿ ಊದಿ, ಬೆಳಕಿಗೆ ಹಿಡಿದು ನೋಡಿ. ಆಚೆಯ ಆಕಾಶ ದುಂಡಗೆ ಕಾಣುವವರೆಗೆ ಬಿಡಬೇಡಿ.

ಡ್ರಮ್ಮಿನ ನೀರಲ್ಲಿ ಮೊದಲ ಸಲ ಹೊತ್ತಿಕೊಂಡಾಗ ಕೇರಿಯೆಲ್ಲ ಹೊಗೆ. ಹಿಂದಿನ ತೂತಿನಿಂದ ನೀರು ಚಿಮ್ಮಿದರೆ ಬಚಾವು, ಇಲ್ಲದಿದ್ದರೆ ತಕ್ಷಣ ಆರಿಸಬೇಕು. ಆದರೆ ಡ್ರಮ್ಮಿನಲ್ಲಿ ಮಾಡಿದ ಟ್ಯೂನಿಂಗನ್ನು ನಾನು ನಂಬುವುದಿಲ್ಲ. ಹೊಳೆಗಿಳಿದು, ಎಂಜಿನ್ ಬಿಸಿಯಾಗಿ, ಗೇರಿಗೆ ಹಾಕಿ ಭಾರ ಬಿದ್ದಾಗಲೇ ಅದರ ಬಣ್ಣ ಬಯಲಾಗುವುದು. ಇಂಧನ ಕಡಿಮೆಯಾದರೆ ಸೀನುತ್ತದೆ, ಹೆಚ್ಚಾದರೆ ಹೊಗೆ ಕಾರಿ ಮುಗ್ಗರಿಸುತ್ತದೆ. ಕಾರ್ಬ್ಯುರೇಟರಿನ ಸ್ಕ್ರೂವನ್ನು ಕೂದಲೆಳೆಯಷ್ಟು ಆಚೀಚೆ ಮಾಡುತ್ತ, ಕಿವಿ ಕೊಟ್ಟು ಕಾಯುತ್ತ, ಪಂಚಗಂಗಾವಳಿ ಹೊಳೆಯಲ್ಲಿ ದಡದುದ್ದಕ್ಕೆ ಮೆಲ್ಲಗೆ ಸಾಗುವ ಆ ಹೊತ್ತಿಗೋಸ್ಕರವೇ ಮಿಕ್ಕ ಕೊಳಕು ಕೆಲಸವನ್ನೆಲ್ಲ ಮಾಡುವುದು. ವೇಗ ಯಾರಿಗೆ ಬೇಕು? ಮೆಲ್ಲಗೆ ಓಡುತ್ತ ನಿಲ್ಲದಿರುವ ಎಂಜಿನ್ನೇ ಒಳ್ಳೆಯ ಎಂಜಿನ್ನು.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. 10 ಅಶ್ವಶಕ್ತಿಯೊಳಗಿನ ನಾಡದೋಣಿಗಳಿಗೆ ಅದೇ ಸುಗ್ಗಿ. ಹಿತ್ತಿಲಲ್ಲಿ ಒಂದಿದ್ದರೆ ಮೇ ತಿಂಗಳಲ್ಲೇ ಬಿಚ್ಚಿ ನೋಡಿ. ಉಪ್ಪುನೀರಿಂದ ಬಂದ ದಿನವೇ ಸಿಹಿನೀರಲ್ಲಿ ಸ್ವಲ್ಪ ಹೊತ್ತು ಓಡಿಸುವ ಅಭ್ಯಾಸವಿಟ್ಟುಕೊಂಡರೆ ನನ್ನಂಥವರ ಅಗತ್ಯವೇ ಬೀಳದು.